ಅಮೆರಿಕದ ಅಧ್ಯಕ್ಷರ ಆದೇಶವನ್ನು ಒಬ್ಬ ಜಿಲ್ಲಾ ನ್ಯಾಯಾಧೀಶ ತಡೆಯುವುದು ಹೇಗೆ?

2025ರ ಸೆಪ್ಟೆಂಬರ್ 19ರ ಶುಕ್ರವಾರ ಅಮೆರಿಕದ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಒಂದು ಘೋಷಣೆಗೆ ಸಹಿ ಹಾಕಿದರು. ಎಚ್‌-1ಬಿ ವೀಸಾದ (ಪರಿಣತ ವಿದೇಶಿ ನೌಕರರಿಗೆ ಕೊಡುವ ತಾತ್ಕಾಲಿಕ ಉದ್ಯೋಗ ವೀಸಾ) ಹೊಸ ಅರ್ಜಿಗೆ ಉದ್ಯೋಗ ಕೊಡುವ ಕಂಪನಿಯು 1 ಲಕ್ಷ ಡಾಲರ್ ಕಟ್ಟಬೇಕು ಎಂಬುದು ಅದರ ತಿರುಳು. ಜಾರಿಗೆ ಎರಡು ದಿನವೂ ಉಳಿದಿರಲಿಲ್ಲ. ಈಗಾಗಲೇ ವೀಸಾ ಇರುವವರಿಗೂ ಇದು ಅನ್ವಯಿಸುತ್ತದೆಯೇ ಎಂಬುದು ಮೊದಲ ದಿನ ಯಾರಿಗೂ ಸ್ಪಷ್ಟವಾಗಲಿಲ್ಲ. ರಜೆಗೆಂದು ಊರಿಗೆ ಬಂದಿದ್ದ ನೌಕರರಿಗೆ ಕೂಡಲೇ ಮರಳುವಂತೆ ಹಲವು ಕಂಪನಿಗಳು ಸಂದೇಶ ಕಳಿಸಿದವು. ಹೊಸ ಅರ್ಜಿಗಳಿಗೆ ಮಾತ್ರ ಈ ಶುಲ್ಕ ಎಂಬ ಸ್ಪಷ್ಟನೆ ಬಂದದ್ದು ಮರುದಿನ. ಮಕ್ಕಳು ಅಮೆರಿಕದಲ್ಲಿರುವ ಬೆಂಗಳೂರು, ಮೈಸೂರಿನ ಮನೆಗಳಿಗೆ ಅದು ದೂರದ ದೇಶದ ರಾಜಕೀಯವಾಗಿ ಉಳಿಯಲಿಲ್ಲ.

ಅದೇ ವರ್ಷದ ಜನವರಿ 20ರಂದು, ಅಧಿಕಾರ ವಹಿಸಿಕೊಂಡ ದಿನವೇ, ಟ್ರಂಪ್ ಇನ್ನೊಂದು ಆದೇಶಕ್ಕೆ ಸಹಿ ಹಾಕಿದ್ದರು. ಅಮೆರಿಕದ ನೆಲದಲ್ಲಿ ಹುಟ್ಟಿದ ಮಗುವಿಗೆ ತಾನಾಗಿ ಸಿಗುವ ಪೌರತ್ವವನ್ನು ಅದು ಮೊಟಕುಗೊಳಿಸುತ್ತಿತ್ತು. ಮೂರೇ ದಿನಗಳಲ್ಲಿ, ಜನವರಿ 23ರಂದು, ಸಿಯಾಟಲ್ ನಗರದ ಒಬ್ಬ ಜಿಲ್ಲಾ ನ್ಯಾಯಾಧೀಶರು ಅದಕ್ಕೆ ತಡೆ ಕೊಟ್ಟರು.

ಒಂದು ಸಹಿಯಿಂದ ಲಕ್ಷಾಂತರ ಜನರ ಬದುಕು ಬದಲಿಸುವ ಅಧಿಕಾರ ಒಬ್ಬ ವ್ಯಕ್ತಿಗೆ ಎಲ್ಲಿಂದ ಬರುತ್ತದೆ, ಅಂಥವರ ಆದೇಶವನ್ನು ಜಿಲ್ಲಾ ಮಟ್ಟದ ನ್ಯಾಯಾಧೀಶರೊಬ್ಬರು ಹೇಗೆ ನಿಲ್ಲಿಸಬಲ್ಲರು ಎಂಬ ಎರಡು ಪ್ರಶ್ನೆಗಳಿಗೂ ಒಂದೇ ಬೇರಿದೆ.

ರಾಷ್ಟ್ರಪತಿಯೂ ಅಲ್ಲ, ಪ್ರಧಾನಿಯೂ ಅಲ್ಲ

ನಮ್ಮಲ್ಲಿ ರಾಷ್ಟ್ರಪತಿ ದೇಶದ ಮುಖ್ಯಸ್ಥರು, ಪ್ರಧಾನಿ ಸರ್ಕಾರದ ಮುಖ್ಯಸ್ಥರು. ಅಮೆರಿಕದಲ್ಲಿ ಎರಡೂ ಹೊಣೆ ಅಧ್ಯಕ್ಷರೊಬ್ಬರ ಹೆಗಲ ಮೇಲಿದೆ. ಪ್ರಧಾನಿ ಲೋಕಸಭೆಯ ವಿಶ್ವಾಸ ಕಳೆದುಕೊಂಡರೆ ಇಳಿಯಬೇಕಾಗುತ್ತದೆ. ಅಮೆರಿಕದ ಅಧ್ಯಕ್ಷರು ಸಂಸತ್ತಿನ ಸದಸ್ಯರೂ ಆಗಿರುವುದಿಲ್ಲ, ಅವಿಶ್ವಾಸ ನಿರ್ಣಯದಿಂದ ಅವರನ್ನು ಇಳಿಸಲೂ ಬರುವುದಿಲ್ಲ. ಹಾಗಾಗಿ ನಾಲ್ಕು ವರ್ಷ ಅವರ ಕುರ್ಚಿ ಬಹುಮಟ್ಟಿಗೆ ಭದ್ರ. ಕುರ್ಚಿ ಭದ್ರವಾಗಿದ್ದರೂ ಕಾನೂನು ಮಾಡುವ ಅಧಿಕಾರ ಅವರ ಕೈಯಲ್ಲಿಲ್ಲ. ಅದು ಅಲ್ಲಿನ ಸಂಸತ್ತಿನದು. ಆ ಸಂಸತ್ತಿನ ಹೆಸರು ಕಾಂಗ್ರೆಸ್ (ನಮ್ಮ ಪಕ್ಷಕ್ಕೂ ಅದಕ್ಕೂ ಸಂಬಂಧವಿಲ್ಲ). ಸೆನೆಟ್ ಮತ್ತು ಜನಪ್ರತಿನಿಧಿ ಸಭೆ ಅದರ ಎರಡು ಸದನಗಳು. ತೆರಿಗೆ ಹಾಕುವುದು, ಹಣ ಮಂಜೂರು ಮಾಡುವುದು, ಯುದ್ಧ ಸಾರುವುದು ಎಲ್ಲವನ್ನೂ ಸಂವಿಧಾನ ಕಾಂಗ್ರೆಸ್ಸಿಗೆ ವಹಿಸಿದೆ.

1787ರಲ್ಲಿ ಫಿಲಡೆಲ್ಫಿಯಾದಲ್ಲಿ ಸಿದ್ಧವಾದ ಆ ಸಂವಿಧಾನ ಬಹಳ ಚಿಕ್ಕದು. ಅದರ ಮೊದಲ ವಿಧಿ ಶಾಸಕಾಂಗಕ್ಕೆ, ಎರಡನೆಯದು ಅಧ್ಯಕ್ಷರಿಗೆ, ಮೂರನೆಯದು ನ್ಯಾಯಾಂಗಕ್ಕೆ ಮೀಸಲು. ಎರಡನೆಯ ವಿಧಿಯಂತೆ ಅಧ್ಯಕ್ಷರು ಸೇನೆಯ ಮಹಾದಂಡನಾಯಕರು. ಫೆಡರಲ್, ಅಂದರೆ ಕೇಂದ್ರದ ಕಾನೂನಿನ ಅಪರಾಧಗಳಿಗೆ ಕ್ಷಮಾದಾನ ನೀಡಬಲ್ಲರು. ಸೆನೆಟ್ಟಿನ ಒಪ್ಪಿಗೆಯೊಂದಿಗೆ ನ್ಯಾಯಾಧೀಶರನ್ನೂ ರಾಯಭಾರಿಗಳನ್ನೂ ನೇಮಿಸಬಲ್ಲರು. ಕಾನೂನುಗಳು ನಿಷ್ಠೆಯಿಂದ ಜಾರಿಯಾಗುವಂತೆ ನೋಡಿಕೊಳ್ಳಬೇಕು. ಈ ಕೊನೆಯ ಮಾತು ಒಂದೇ ಹೊತ್ತಿಗೆ ಅಧಿಕಾರವೂ ಹೌದು, ಕಟ್ಟುಪಾಡೂ ಹೌದು. ಕಾನೂನನ್ನು ಜಾರಿ ಮಾಡುವವರು ಅದನ್ನು ತಾವೇ ಬರೆಯುವಂತಿಲ್ಲ.

ಕಾರ್ಯಾದೇಶ ಎಂಬ ಜಿಪಿಎ

ಹಾಗಾದರೆ ಅಧ್ಯಕ್ಷರು ಸಹಿ ಹಾಕಿ ಕ್ಯಾಮೆರಾಗಳ ಮುಂದೆ ಎತ್ತಿ ತೋರಿಸುವ ಆ ಕಡತ ಯಾವುದು? ಅದನ್ನು ಕಾರ್ಯಾದೇಶ ಎನ್ನುತ್ತಾರೆ. ಸರ್ಕಾರದ ಇಲಾಖೆಗಳು ಹೇಗೆ ನಡೆಯಬೇಕೆಂದು ಅಧ್ಯಕ್ಷರು ಕೊಡುವ ಲಿಖಿತ ನಿರ್ದೇಶನ ಅದು. ಘೋಷಣೆ ಎಂಬ ಇನ್ನೊಂದು ಬಗೆಯೂ ಉಂಟು; ಹೆಸರು ಬೇರೆಯಾದರೂ ಅದರ ಬಲದ ಮೂಲ ಬೇರೆಯಲ್ಲ. ಸಂವಿಧಾನದಲ್ಲಿ ಕಾರ್ಯಾದೇಶ ಎಂಬ ಪದವೇ ಇಲ್ಲ, ಆದರೂ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ಕಾಲದಿಂದ ರೂಢಿಯಲ್ಲಿದೆ. ಫ್ರಾಂಕ್ಲಿನ್ ರೂಸ್‌ವೆಲ್ಟ್ ಒಬ್ಬರೇ 3,700ಕ್ಕೂ ಹೆಚ್ಚು ಆದೇಶ ಹೊರಡಿಸಿದ್ದರು. ಒಬ್ಬ ಅಧ್ಯಕ್ಷರ ಆದೇಶವನ್ನು ಮುಂದಿನವರು ಇನ್ನೊಂದು ಸಹಿಯಿಂದ ರದ್ದು ಮಾಡಬಹುದು.

ಇದನ್ನು ನಮ್ಮ ಸುಗ್ರೀವಾಜ್ಞೆಯೊಂದಿಗೆ ಹೋಲಿಸುವವರಿದ್ದಾರೆ. ಅದು ಸರಿಯಲ್ಲ. ಸುಗ್ರೀವಾಜ್ಞೆ ತಾತ್ಕಾಲಿಕವಾದರೂ ಕಾನೂನೇ. ಹೊಸ ಅಪರಾಧವನ್ನೂ ಹೊಸ ತೆರಿಗೆಯನ್ನೂ ಅದು ಸೃಷ್ಟಿಸಬಲ್ಲದು. ಕಾರ್ಯಾದೇಶಕ್ಕೆ ಆ ಸ್ವಂತ ಬಲವಿಲ್ಲ. ಅದಕ್ಕೆ ಹತ್ತಿರದ ಹೋಲಿಕೆ ಬೇಕಾದರೆ ಉಪನೋಂದಣಾಧಿಕಾರಿ ಕಚೇರಿಗೆ ಹೋಗಬೇಕು.

ವಿದೇಶದಲ್ಲಿರುವ ಮಗ ಊರಿನ ಮನೆ ನೋಡಿಕೊಳ್ಳಲು ಚಿಕ್ಕಪ್ಪನಿಗೆ ಜಿಪಿಎ (ತನ್ನ ಪರವಾಗಿ ವ್ಯವಹರಿಸಲು ಕೊಡುವ ಅಧಿಕಾರಪತ್ರ) ಬರೆದುಕೊಟ್ಟಿದ್ದಾನೆ ಎನ್ನಿ. ಬಾಡಿಗೆ ವಸೂಲಿ ಮಾಡಬಹುದು, ಕಂದಾಯ ಕಟ್ಟಬಹುದು, ದುರಸ್ತಿ ಮಾಡಿಸಬಹುದು ಎಂದು ಅದರಲ್ಲಿ ಬರೆದಿದೆ. ಚಿಕ್ಕಪ್ಪ ಬಾಡಿಗೆ ರಸೀದಿಗೆ ಹಾಕುವ ಸಹಿಗೆ ಮಾಲೀಕನ ಸಹಿಯಷ್ಟೇ ಬೆಲೆ. ಅದೇ ಚಿಕ್ಕಪ್ಪ ಮನೆಯನ್ನು ಮಾರಲು ಹೊರಟರೆ, ಪತ್ರದಲ್ಲಿ ಆ ಮಾತು ಎಲ್ಲಿದೆ ತೋರಿಸಿ ಎಂಬ ಪ್ರಶ್ನೆ ಏಳುತ್ತದೆ. ಅವರು ಊರಿನ ದೊಡ್ಡ ಮನುಷ್ಯರು, ಉದ್ದೇಶ ಒಳ್ಳೆಯದು, ತುರ್ತು ಇತ್ತು ಎಂಬ ಯಾವ ಮಾತೂ ಪತ್ರದಲ್ಲಿ ಇಲ್ಲದ ಸಾಲನ್ನು ಹುಟ್ಟಿಸುವುದಿಲ್ಲ.

ಅಮೆರಿಕದಲ್ಲಿ ಆ ಪತ್ರ ಬರೆದುಕೊಡುವುದು ಕಾಂಗ್ರೆಸ್. ಇಂಥ ಸಂದರ್ಭದಲ್ಲಿ ಅಧ್ಯಕ್ಷರು ಇಂಥದನ್ನು ಮಾಡಬಹುದು ಎಂದು ಅದು ಮಾಡಿದ ಕಾನೂನುಗಳು ಸಾಕಷ್ಟಿವೆ. ಇವಲ್ಲದೆ, ಕ್ಷಮಾದಾನದಂಥ ಕೆಲವು ಅಧಿಕಾರಗಳು ಸಂವಿಧಾನದಿಂದಲೇ ನೇರವಾಗಿ ಬಂದ ಸ್ವಂತ ಪಾಲು. ಅವುಗಳಿಗೆ ಯಾರ ಜಿಪಿಎಯೂ ಬೇಕಿಲ್ಲ. ಪ್ರತಿಯೊಂದು ಆದೇಶವೂ ಈ ಎರಡರಲ್ಲಿ ಒಂದರ ಮೇಲೆ ನಿಂತಿರಬೇಕು. ಆದೇಶವನ್ನು ಪ್ರಶ್ನಿಸಿ ಯಾರಾದರೂ ಕೋರ್ಟಿಗೆ ಹೋದಾಗ ನ್ಯಾಯಾಧೀಶರು ಮೊದಲು ಕೇಳುವುದು, ಈ ಅಧಿಕಾರ ಎಲ್ಲಿಂದ ಬಂತು ಎಂದು.

ಉಕ್ಕಿನ ಕಾರ್ಖಾನೆಗಳ ಖಟ್ಲೆ

ಆ ಪ್ರಶ್ನೆಗೆ ಇಂದಿಗೂ ಅಳತೆಗೋಲಾಗಿರುವ ತೀರ್ಪು 1952ರದು. ಕೊರಿಯಾ ಯುದ್ಧ ನಡೆಯುತ್ತಿತ್ತು. ಉಕ್ಕಿನ ಕಾರ್ಮಿಕರು ಮುಷ್ಕರಕ್ಕೆ ಸಿದ್ಧರಾಗಿದ್ದರು. ಉಕ್ಕು ನಿಂತರೆ ಶಸ್ತ್ರಾಸ್ತ್ರ ತಯಾರಿಕೆ ನಿಲ್ಲುತ್ತದೆ ಎಂದು ಅಧ್ಯಕ್ಷ ಹ್ಯಾರಿ ಟ್ರೂಮನ್ ಏಪ್ರಿಲ್ 8ರಂದು ದೇಶದ ಬಹುತೇಕ ಉಕ್ಕಿನ ಕಾರ್ಖಾನೆಗಳನ್ನು ಸರ್ಕಾರದ ವಶಕ್ಕೆ ತೆಗೆದುಕೊಳ್ಳುವಂತೆ ವಾಣಿಜ್ಯ ಕಾರ್ಯದರ್ಶಿಗೆ ಆದೇಶಿಸಿದರು. ಯಾವ ಕಾನೂನಿನ ಯಾವ ಸೆಕ್ಷನ್ ಅಡಿಯಲ್ಲಿ ಎಂಬುದಕ್ಕೆ ಸರ್ಕಾರದ ಬಳಿ ನೇರ ಉತ್ತರವಿರಲಿಲ್ಲ; ಸಂವಿಧಾನ ಕೊಟ್ಟ ಕಾರ್ಯಾಂಗದ ಅಧಿಕಾರ ಮತ್ತು ದಂಡನಾಯಕತ್ವವೇ ಆಧಾರ ಎಂದು ವಾದಿಸಲಾಯಿತು. ಕಂಪನಿಗಳು ಕೋರ್ಟಿಗೆ ಹೋದವು. ಏಪ್ರಿಲ್ ಕೊನೆಯಲ್ಲಿ ರಾಜಧಾನಿ ವಾಷಿಂಗ್ಟನ್ನಿನ ಜಿಲ್ಲಾ ನ್ಯಾಯಾಧೀಶ ಡೇವಿಡ್ ಪೈನ್ ಸರ್ಕಾರದ ವಿರುದ್ಧ ತೀರ್ಪಿತ್ತರು. ಜೂನ್ 2ರಂದು ಸುಪ್ರೀಂ ಕೋರ್ಟ್ 6–3ರ ಬಹುಮತದಿಂದ ಅದನ್ನು ಎತ್ತಿಹಿಡಿಯಿತು.

ಆಗ ಪೀಠದಲ್ಲಿದ್ದ ಒಂಬತ್ತೂ ನ್ಯಾಯಮೂರ್ತಿಗಳು ಟ್ರೂಮನ್ ಅಥವಾ ಅವರದೇ ಪಕ್ಷದ ರೂಸ್‌ವೆಲ್ಟ್ ನೇಮಿಸಿದವರು ಎಂಬುದನ್ನು ಗಮನಿಸಬೇಕು. ಟ್ರೂಮನ್ ನೇಮಿಸಿದ ನಾಲ್ವರಲ್ಲಿ ಇಬ್ಬರು ಅವರ ವಿರುದ್ಧವೇ ಮತ ಹಾಕಿದರು. ಅವರಲ್ಲಿ ಒಬ್ಬರಾದ ಟಾಮ್ ಕ್ಲಾರ್ಕ್ ಟ್ರೂಮನ್ ಸಂಪುಟದಲ್ಲೇ ಅಟಾರ್ನಿ ಜನರಲ್ ಆಗಿದ್ದವರು. ತೀರ್ಪು ಬಂದ ಕೂಡಲೇ ಟ್ರೂಮನ್ ಕಾರ್ಖಾನೆಗಳನ್ನು ಮರಳಿಸಿದರು. ಮುಷ್ಕರ ಆರಂಭವಾಗಿ ಏಳು ವಾರಕ್ಕೂ ಹೆಚ್ಚು ಕಾಲ ನಡೆಯಿತು.

ಈ ಖಟ್ಲೆಯಲ್ಲಿ ಬಹುಮತದ ತೀರ್ಪಿಗಿಂತ ಹೆಚ್ಚು ಉಲ್ಲೇಖವಾಗುವುದು ನ್ಯಾಯಮೂರ್ತಿ ರಾಬರ್ಟ್ ಜಾಕ್ಸನ್ ಪ್ರತ್ಯೇಕವಾಗಿ ಬರೆದ ಸಹಮತದ ಅಭಿಪ್ರಾಯ. ನ್ಯೂರೆಂಬರ್ಗ್‌ನಲ್ಲಿ ನಾಜಿಗಳ ವಿಚಾರಣೆ ನಡೆದಾಗ ಅಮೆರಿಕದ ಮುಖ್ಯ ಅಭಿಯೋಜಕರಾಗಿದ್ದವರು ಇವರೇ. ಅವರ ಪ್ರಕಾರ ಅಧ್ಯಕ್ಷರ ಅಧಿಕಾರ ಮೂರು ನೆಲೆಗಳಲ್ಲಿ ಏರಿಳಿಯುತ್ತದೆ. ಕಾಂಗ್ರೆಸ್ ಒಪ್ಪಿಗೆ ಕೊಟ್ಟ ಕೆಲಸವನ್ನು ಮಾಡುವಾಗ ಅದು ಉತ್ತುಂಗದಲ್ಲಿರುತ್ತದೆ, ಏಕೆಂದರೆ ಆಗ ಅಧ್ಯಕ್ಷರ ಬಲದ ಜೊತೆಗೆ ಕಾಂಗ್ರೆಸ್ಸಿನ ಬಲವೂ ಕೂಡುತ್ತದೆ. ಕಾಂಗ್ರೆಸ್ ಹೌದೆಂದೂ ಹೇಳದೆ ಅಲ್ಲವೆಂದೂ ಹೇಳದೆ ಮೌನವಾಗಿದ್ದಾಗ ಅದು ಮುಸ್ಸಂಜೆಯ ಮಬ್ಬು; ಸಂದರ್ಭ ನೋಡಿ ತೀರ್ಮಾನಿಸಬೇಕು. ಕಾಂಗ್ರೆಸ್ ಬೇಡವೆಂದ ಕೆಲಸಕ್ಕೆ ಕೈಹಾಕಿದಾಗ ಅಧ್ಯಕ್ಷರ ಅಧಿಕಾರ ತಳಮಟ್ಟಕ್ಕೆ ಇಳಿದಿರುತ್ತದೆ, ಸಂವಿಧಾನ ಅವರಿಗೇ ಕೊಟ್ಟ ಸ್ವಂತ ಪಾಲಷ್ಟೇ ಆಗ ಆಸರೆ. ಟ್ರೂಮನ್ ಸಿಕ್ಕಿಬಿದ್ದದ್ದು ಈ ಮೂರನೆಯ ನೆಲೆಯಲ್ಲಿ. 1947ರ ಕಾರ್ಮಿಕ ಕಾಯ್ದೆ ರೂಪುಗೊಳ್ಳುವಾಗ ಕಾರ್ಖಾನೆ ವಶಪಡಿಸಿಕೊಳ್ಳುವ ಅಧಿಕಾರ ಕೊಡಬೇಕೆಂಬ ಸಲಹೆ ಬಂದಿತ್ತು, ಕಾಂಗ್ರೆಸ್ ಅದನ್ನು ತಿರಸ್ಕರಿಸಿತ್ತು.

ಬರೆದ ಮಾತಿಗೆ ಎಷ್ಟು ಅರ್ಥ

ಈಚಿನ ಹೆಚ್ಚಿನ ಜಗಳಗಳು ಟ್ರೂಮನ್ನರದಷ್ಟು ಸರಳವಾಗಿಲ್ಲ. ಪತ್ರ ಇದೆ, ಅದರಲ್ಲಿ ಬರೆದ ಮಾತಿಗೆ ಎಷ್ಟು ಅರ್ಥ ಎಂಬುದೇ ತಕರಾರು.

ಜೋ ಬೈಡನ್ ಅವರ ಸರ್ಕಾರ ವಿದ್ಯಾರ್ಥಿಗಳ ಶಿಕ್ಷಣ ಸಾಲದಲ್ಲಿ ತಲಾ 10 ಸಾವಿರ, ಕೆಲವರಿಗೆ 20 ಸಾವಿರ ಡಾಲರ್‌ವರೆಗೆ ಮನ್ನಾ ಮಾಡಲು ಹೊರಟಿತು. ಒಟ್ಟು ಮೊತ್ತ 400 ಶತಕೋಟಿ ಡಾಲರ್ ದಾಟುತ್ತಿತ್ತು. ತುರ್ತು ಸಂದರ್ಭದಲ್ಲಿ ಸಾಲದ ನಿಯಮಗಳನ್ನು ಸಡಿಲಿಸಬಹುದು, ಮಾರ್ಪಡಿಸಬಹುದು ಎಂಬ 2003ರ ಕಾನೂನು ಅದಕ್ಕೆ ಆಧಾರವಾಗಿತ್ತು. 2023ರ ಜೂನ್ 30ರಂದು ಸುಪ್ರೀಂ ಕೋರ್ಟ್ 6–3ರಿಂದ ಯೋಜನೆಯನ್ನು ರದ್ದುಮಾಡಿತು. ಮಾರ್ಪಾಡು ಎಂದರೆ ಇರುವುದರಲ್ಲಿ ಸಣ್ಣ ಬದಲಾವಣೆ, ಹೊಸ ಯೋಜನೆಯನ್ನೇ ಕಟ್ಟುವುದಲ್ಲ ಎಂಬುದು ಬಹುಮತದ ನಿಲುವು. ನಮ್ಮ ಚಿಕ್ಕಪ್ಪನ ಉದಾಹರಣೆಯಲ್ಲಿ ಹೇಳುವುದಾದರೆ, ದುರಸ್ತಿ ಮಾಡಿಸಬಹುದು ಎಂಬ ಸಾಲನ್ನು ಹಿಡಿದು ಹಳೇ ಮನೆ ಕೆಡವಿ ಅಪಾರ್ಟ್‌ಮೆಂಟ್ ಎಬ್ಬಿಸಿದಂತೆ.

ವಲಸೆಯ ವಿಷಯದಲ್ಲಿ ಪತ್ರದ ಬರಹವೇ ಅಗಲವಾಗಿದೆ. ಯಾವುದೇ ವರ್ಗದ ವಿದೇಶಿಯರ ಪ್ರವೇಶ ದೇಶದ ಹಿತಕ್ಕೆ ಹಾನಿಕರವೆಂದು ಕಂಡರೆ ಅಧ್ಯಕ್ಷರು ಅದನ್ನು ತಡೆಹಿಡಿಯಬಹುದು, ಷರತ್ತು ವಿಧಿಸಬಹುದು ಎಂದು 1952ರ ವಲಸೆ ಕಾಯ್ದೆ ಹೇಳುತ್ತದೆ. ಹಲವು ಮುಸ್ಲಿಂ ಬಹುಸಂಖ್ಯಾತ ದೇಶಗಳ ಪ್ರಜೆಗಳ ಮೇಲೆ ಟ್ರಂಪ್ ಹೇರಿದ್ದ ಪ್ರವೇಶ ನಿರ್ಬಂಧವನ್ನು 2018ರ ಜೂನ್ 26ರಂದು ಸುಪ್ರೀಂ ಕೋರ್ಟ್ 5–4ರಿಂದ ಎತ್ತಿಹಿಡಿದದ್ದು ಈ ಸಾಲಿನ ಆಧಾರದಲ್ಲೇ. ಎಚ್‌-1ಬಿಯ 1 ಲಕ್ಷ ಡಾಲರ್ ಘೋಷಣೆಯೂ ಅದನ್ನೇ ನೆಚ್ಚಿದೆ. ಪ್ರವೇಶ ತಡೆಯುವ ಅಧಿಕಾರದೊಳಗೆ ಇಷ್ಟು ದೊಡ್ಡ ಹಣ ವಸೂಲಿಯೂ ಸೇರುತ್ತದೆಯೇ, ಅದು ತೆರಿಗೆಯಾಗಿ ಕಾಂಗ್ರೆಸ್ಸಿನ ಪಾಲಿಗೆ ಸೇರಬೇಕಾದುದಲ್ಲವೇ ಎಂದು ಪ್ರಶ್ನಿಸಿ ಕಂಪನಿಗಳ ಸಂಘಟನೆಯಾದ ಅಮೆರಿಕದ ವಾಣಿಜ್ಯ ಮಂಡಳಿ ದಾವೆ ಹೂಡಿತು. 2025ರ ಡಿಸೆಂಬರ್‌ನಲ್ಲಿ ವಾಷಿಂಗ್ಟನ್ನಿನ ಜಿಲ್ಲಾ ನ್ಯಾಯಾಧೀಶೆ ಬೆರಿಲ್ ಹಾವೆಲ್ ಸರ್ಕಾರದ ಪರ ತೀರ್ಪಿತ್ತರು. ಅವರನ್ನು ನೇಮಿಸಿದ್ದವರು ಟ್ರಂಪ್ ಅವರ ಎದುರು ಪಕ್ಷದ ಬರಾಕ್ ಒಬಾಮ.

ಅಧಿಕಾರ ಇದ್ದರೂ ಬಳಸಿದ ರೀತಿ ತಪ್ಪಾಗಬಹುದು. ಬಾಲ್ಯದಲ್ಲಿ ಕಾಗದಪತ್ರವಿಲ್ಲದೆ ಅಮೆರಿಕಕ್ಕೆ ಬಂದವರಿಗೆ ಗಡೀಪಾರಿನಿಂದ ಒಬಾಮ ಸರ್ಕಾರ 2012ರಲ್ಲಿ ಕೊಟ್ಟ ರಕ್ಷಣೆಯನ್ನು ಟ್ರಂಪ್ ಸರ್ಕಾರ 2017ರಲ್ಲಿ ಹಿಂತೆಗೆದುಕೊಂಡಿತು. ಹಿಂತೆಗೆಯುವ ಅಧಿಕಾರ ಸರ್ಕಾರಕ್ಕಿದೆ ಎಂಬುದರಲ್ಲಿ ವಿವಾದವಿರಲಿಲ್ಲ. ಆದರೂ 2020ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು 5–4ರಿಂದ ತಳ್ಳಿಹಾಕಿತು, ಏಕೆಂದರೆ ಇಲಾಖೆ ಸರಿಯಾದ ಕಾರಣಗಳನ್ನು ಕೊಟ್ಟಿರಲಿಲ್ಲ, ಅದನ್ನು ನಂಬಿದ್ದವರ ಪಾಡನ್ನು ಪರಿಗಣಿಸಿರಲಿಲ್ಲ. ಕಾರಣ ಬರೆಯದ ವರ್ಗಾವಣೆ ಆದೇಶ ನ್ಯಾಯಮಂಡಳಿಯಲ್ಲಿ ಬಿದ್ದುಹೋಗುವುದನ್ನು ಕಂಡ ನಮ್ಮ ಸರ್ಕಾರಿ ನೌಕರರಿಗೆ ಈ ತರ್ಕ ಹೊಸದೇನಲ್ಲ.

ಹೆಸರು ಜಿಲ್ಲಾ ನ್ಯಾಯಾಲಯ, ಬಲ ಬೇರೆ

ಭಾರತದಲ್ಲಿ ತಾಲ್ಲೂಕು ಕೋರ್ಟಿನಿಂದ ಸುಪ್ರೀಂ ಕೋರ್ಟಿನವರೆಗೆ ಒಂದೇ ಏಣಿ. ಅಮೆರಿಕದಲ್ಲಿ ಎರಡು ಏಣಿಗಳಿವೆ. ಕೊಲೆ, ಕಳವು, ವಿಚ್ಛೇದನ, ಆಸ್ತಿ ವ್ಯಾಜ್ಯಗಳಂಥ ದಿನನಿತ್ಯದ ಬಹುಪಾಲು ಪ್ರಕರಣಗಳು ಪ್ರತಿ ರಾಜ್ಯದ ಸ್ವಂತ ನ್ಯಾಯಾಲಯಗಳಲ್ಲಿ ನಡೆಯುತ್ತವೆ. ಸಂವಿಧಾನ, ಕೇಂದ್ರದ ಕಾನೂನು, ಕೇಂದ್ರ ಸರ್ಕಾರದ ಮೇಲಿನ ದಾವೆಗಳು ಫೆಡರಲ್ ನ್ಯಾಯಾಲಯಗಳಿಗೆ ಹೋಗುತ್ತವೆ. ಫೆಡರಲ್ ಏಣಿಗೆ ಮೂರೇ ಮೆಟ್ಟಿಲು: ಕೆಳಗೆ 94 ಜಿಲ್ಲಾ ನ್ಯಾಯಾಲಯಗಳು, ನಡುವೆ 13 ಮೇಲ್ಮನವಿ ನ್ಯಾಯಾಲಯಗಳು, ಮೇಲೆ ಒಂಬತ್ತು ನ್ಯಾಯಮೂರ್ತಿಗಳ ಸುಪ್ರೀಂ ಕೋರ್ಟ್. ಜಿಲ್ಲಾ ನ್ಯಾಯಾಲಯದ ತೀರ್ಪಿನ ಮೇಲೆ ಮೇಲ್ಮನವಿ ಸಲ್ಲಿಸುವುದು ಹಕ್ಕು. ಸುಪ್ರೀಂ ಕೋರ್ಟಿಗೆ ಹೋಗುವುದು ಬಹುತೇಕ ಅದರ ಮರ್ಜಿ. ಒಂಬತ್ತರಲ್ಲಿ ನಾಲ್ವರು ಒಪ್ಪಿದರಷ್ಟೇ ಪ್ರಕರಣ ವಿಚಾರಣೆಗೆ ಬರುತ್ತದೆ.

ಇಲ್ಲಿ ಹೆಸರು ನಮ್ಮನ್ನು ದಾರಿ ತಪ್ಪಿಸುತ್ತದೆ. ಜಿಲ್ಲಾ ನ್ಯಾಯಾಧೀಶ ಎಂದಾಗ ಹೈಕೋರ್ಟಿನ ಮೇಲ್ವಿಚಾರಣೆಯಲ್ಲಿರುವ ನಮ್ಮ ಜಿಲ್ಲಾ ಕೋರ್ಟ್ ಕಣ್ಣಿಗೆ ಬರುತ್ತದೆ. ಅಮೆರಿಕದ ಫೆಡರಲ್ ಜಿಲ್ಲಾ ನ್ಯಾಯಾಧೀಶರನ್ನು ನೇಮಿಸುವುದು ಸ್ವತಃ ಅಧ್ಯಕ್ಷರು, ದೃಢಪಡಿಸುವುದು ಸೆನೆಟ್. ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಿಗೂ ಇದೇ ವಿಧಾನ. ಇಬ್ಬರಿಗೂ ನಿವೃತ್ತಿ ವಯಸ್ಸಿಲ್ಲ, ಇಬ್ಬರ ಸಂಬಳವನ್ನೂ ಇಳಿಸುವಂತಿಲ್ಲ, ಇಬ್ಬರನ್ನೂ ತೆಗೆಯಲು ಕಾಂಗ್ರೆಸ್ ನಡೆಸುವ ವಾಗ್ದಂಡನೆಯೊಂದೇ ದಾರಿ. ಇನ್ನೂರಕ್ಕೂ ಹೆಚ್ಚು ವರ್ಷಗಳಲ್ಲಿ ಹಾಗೆ ಕುರ್ಚಿ ಕಳೆದುಕೊಂಡ ಫೆಡರಲ್ ನ್ಯಾಯಾಧೀಶರು ಎಂಟು ಮಂದಿ. ಹಾಗಾಗಿ ರಿಟ್ ಅರ್ಜಿ ಕೇಳುವ ನಮ್ಮ ಹೈಕೋರ್ಟಿನ ನ್ಯಾಯಮೂರ್ತಿಯನ್ನು ನೆನೆದರೆ ಅವರ ಸ್ಥಾನ ಹೆಚ್ಚು ಸರಿಯಾಗಿ ಅರ್ಥವಾಗುತ್ತದೆ. ಸಂವಿಧಾನಕ್ಕೆ ವಿರುದ್ಧವಾದ ಕಾನೂನನ್ನು ಕೋರ್ಟು ಅಸಿಂಧುಗೊಳಿಸಬಹುದು ಎಂದು ಅಮೆರಿಕದ ಸಂವಿಧಾನದಲ್ಲಿ ನೇರವಾಗಿ ಬರೆದಿಲ್ಲ. 1803ರಲ್ಲಿ ಮುಖ್ಯ ನ್ಯಾಯಮೂರ್ತಿ ಜಾನ್ ಮಾರ್ಷಲ್ ಒಂದು ತೀರ್ಪಿನಲ್ಲಿ ಆ ತತ್ವವನ್ನು ಸ್ಥಾಪಿಸಿದರು. ಆ ಪರಿಶೀಲನೆಯ ಅಧಿಕಾರ ಕೆಳಗಿನ ಫೆಡರಲ್ ಕೋರ್ಟುಗಳಿಗೂ ಇದೆ.

ಆದರೆ ನ್ಯಾಯಾಧೀಶರು ತಾವಾಗಿ ಅಧ್ಯಕ್ಷರ ಆದೇಶಕ್ಕೆ ಕೈಹಾಕುವಂತಿಲ್ಲ. ಅದರಿಂದ ತನಗೆ ನಿಜವಾದ ನಷ್ಟವಾಗಿದೆ ಅಥವಾ ಆಗಲಿದೆ ಎಂದು ತೋರಿಸುವ ಫಿರ್ಯಾದಿ ಬೇಕು. ಆದೇಶ ಇಷ್ಟವಿಲ್ಲ ಎಂಬುದು ನಷ್ಟವಲ್ಲ.

ಸಿಯಾಟಲ್‌ನ ತಡೆ ದೇಶಕ್ಕೆಲ್ಲ

ಪೌರತ್ವದ ಆದೇಶಕ್ಕೆ ಮರಳೋಣ. ಅಮೆರಿಕದಲ್ಲಿ ಹುಟ್ಟಿ, ಅದರ ಅಧಿಕಾರವ್ಯಾಪ್ತಿಗೆ ಒಳಪಟ್ಟವರೆಲ್ಲ ಪೌರರು ಎಂದು 1868ರ 14ನೇ ತಿದ್ದುಪಡಿ ಹೇಳುತ್ತದೆ. ಚೀನೀ ತಂದೆತಾಯಿಗೆ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಹುಟ್ಟಿದ ವಾಂಗ್ ಕಿಮ್ ಆರ್ಕ್ ಪೌರನೇ ಎಂದು ಸುಪ್ರೀಂ ಕೋರ್ಟ್ 1898ರಲ್ಲಿ 6–2ರಿಂದ ತೀರ್ಮಾನಿಸಿತ್ತು. ಟ್ರಂಪ್ ಆದೇಶದ ಪ್ರಕಾರ ತಂದೆ ಪೌರನೂ ಗ್ರೀನ್ ಕಾರ್ಡ್ (ಕಾಯಂ ವಾಸದ ಅನುಮತಿ) ಉಳ್ಳವನೂ ಆಗಿರದಿದ್ದು, ತಾಯಿ ಅಕ್ರಮವಾಗಿ ಅಥವಾ ತಾತ್ಕಾಲಿಕ ವೀಸಾದ ಮೇಲೆ ಅಲ್ಲಿದ್ದರೆ ಮಗುವಿಗೆ ಪೌರತ್ವವಿಲ್ಲ. ತಾತ್ಕಾಲಿಕ ಎಂಬ ಪದದೊಳಗೆ ಎಚ್‌-1ಬಿ, ಅವಲಂಬಿತರ ಎಚ್‌-4 ಮತ್ತು ವಿದ್ಯಾರ್ಥಿ ವೀಸಾಗಳೂ ಬರುತ್ತವೆ. ಗ್ರೀನ್ ಕಾರ್ಡಿನ ಸರದಿಯಲ್ಲಿ ವರ್ಷಗಟ್ಟಲೆ ಕಾಯುವ ಕನ್ನಡಿಗ ದಂಪತಿಗಳಿಗೆ ಈ ಆದೇಶ ನೇರವಾಗಿ ತಟ್ಟುವುದು ಇಲ್ಲಿಯೇ.

ವಾಷಿಂಗ್ಟನ್, ಅರಿಜೋನಾ, ಇಲಿನಾಯ್, ಆರೆಗಾನ್ ರಾಜ್ಯಗಳು ಸಿಯಾಟಲ್‌ನಲ್ಲಿ ದಾವೆ ಹೂಡಿದವು. ತಡೆಯಾಜ್ಞೆ ಕೊಟ್ಟ ಜಾನ್ ಕಾಫನೌರ್ ಅವರನ್ನು 1981ರಲ್ಲಿ ನೇಮಿಸಿದ್ದವರು ಟ್ರಂಪ್ ಅವರದೇ ರಿಪಬ್ಲಿಕನ್ ಪಕ್ಷದ ಅಧ್ಯಕ್ಷ ರೊನಾಲ್ಡ್ ರೇಗನ್. ತಡೆ ನಾಲ್ಕು ರಾಜ್ಯಗಳಿಗೆ ಸೀಮಿತವಾಗದೆ ಇಡೀ ದೇಶಕ್ಕೆ ಅನ್ವಯಿಸಿತು. ದಾವೆ ಹೂಡದವರಿಗೂ ಅನ್ವಯಿಸುವ ಇಂಥ ಸಾರ್ವತ್ರಿಕ ತಡೆಯಾಜ್ಞೆಗಳ ಬಗ್ಗೆ ಎರಡೂ ಪಕ್ಷಗಳ ಸರ್ಕಾರಗಳು, ತಾವು ಅಧಿಕಾರದಲ್ಲಿದ್ದಾಗಲೆಲ್ಲ, ಗೊಣಗುತ್ತಾ ಬಂದಿವೆ. ದೇಶದ ಯಾವುದೋ ಮೂಲೆಯಲ್ಲಿ ಒಬ್ಬ ಅನುಕೂಲಕರ ನ್ಯಾಯಾಧೀಶ ಸಿಕ್ಕರೆ ಸಾಕು, ನೀತಿಯೇ ನಿಲ್ಲುತ್ತದೆ ಎಂಬುದು ಅವರ ದೂರು. ಒಂದೇ ಆಸ್ಪತ್ರೆಯಲ್ಲಿ ಒಂದೇ ದಿನ ಹುಟ್ಟಿದ ಇಬ್ಬರು ಮಕ್ಕಳಲ್ಲಿ ದಾವೆ ಹೂಡಿದವರ ಮಗು ಮಾತ್ರ ಪೌರ ಎನ್ನಲಾದೀತೇ ಎಂಬುದು ಎದುರು ವಾದ.

2025ರ ಜೂನ್ 27ರಂದು ಸುಪ್ರೀಂ ಕೋರ್ಟ್ 6–3ರಿಂದ ಮೊದಲ ದೂರಿನ ಕಡೆಗೆ ವಾಲಿತು. ಫಿರ್ಯಾದಿಗೆ ಪೂರ್ಣ ಪರಿಹಾರ ಸಿಗಲು ಎಷ್ಟು ಬೇಕೋ ಅಷ್ಟಕ್ಕೇ ತಡೆಯಾಜ್ಞೆ ಸೀಮಿತವಾಗಬೇಕು ಎಂದಿತು. ಆ ದಿನದ ತಲೆಬರಹಗಳನ್ನು ನೋಡಿದ ಹಲವರು ಪೌರತ್ವದ ಆದೇಶವೇ ಗೆದ್ದಿತೆಂದು ಭಾವಿಸಿದರು. ಆದೇಶ ಸಂವಿಧಾನಬದ್ಧವೇ ಎಂಬ ಪ್ರಶ್ನೆಯನ್ನು ಆ ತೀರ್ಪು ಮುಟ್ಟಿರಲೇ ಇಲ್ಲ. ಅಷ್ಟೇ ಅಲ್ಲ, ಒಂದೇ ಬಗೆಯ ತೊಂದರೆಗೆ ಒಳಗಾದ ಎಲ್ಲರ ಪರವಾಗಿ ಕೆಲವರು ಹೂಡುವ ಸಾಮೂಹಿಕ ದಾವೆಯ ಬಾಗಿಲು ತೆರೆದೇ ಇತ್ತು. ಎರಡೇ ವಾರಗಳಲ್ಲಿ, ಜುಲೈ 10ರಂದು, ನ್ಯೂ ಹ್ಯಾಂಪ್‌ಶೈರ್‌ನ ನ್ಯಾಯಾಧೀಶರೊಬ್ಬರು ಆದೇಶಕ್ಕೆ ಒಳಪಡುವ ಮಕ್ಕಳನ್ನೆಲ್ಲ ಒಂದು ವರ್ಗವೆಂದು ಗುರುತಿಸಿ ಮತ್ತೆ ತಡೆ ಕೊಟ್ಟರು. ಆ ಪ್ರಕರಣದಲ್ಲಿ ಮೂಲ ಪ್ರಶ್ನೆಯನ್ನೇ ವಿಚಾರಣೆಗೆ ಎತ್ತಿಕೊಳ್ಳಲು ಸುಪ್ರೀಂ ಕೋರ್ಟ್ ಡಿಸೆಂಬರ್‌ನಲ್ಲಿ ಒಪ್ಪಿತು.

ಅಧ್ಯಕ್ಷರು ತೀರ್ಪನ್ನು ಒಪ್ಪದಿದ್ದರೆ

ಕೋರ್ಟಿನ ಬಳಿ ಸೈನ್ಯವಿಲ್ಲ, ಖಜಾನೆಯಿಲ್ಲ. ಸಂವಿಧಾನದ ಪರ ವಾದಿಸುತ್ತಾ ಅಲೆಕ್ಸಾಂಡರ್ ಹ್ಯಾಮಿಲ್ಟನ್ 1788ರಲ್ಲೇ ಇದನ್ನು ಹೇಳಿದ್ದರು. ತೀರ್ಪನ್ನು ಜಾರಿ ಮಾಡಬೇಕಾದದ್ದು ಕಾರ್ಯಾಂಗವೇ. 1957ರಲ್ಲಿ ಲಿಟಲ್ ರಾಕ್‌ನ ಶಾಲೆಗೆ ಕಪ್ಪು ವಿದ್ಯಾರ್ಥಿಗಳನ್ನು ಸೇರಿಸಬೇಕೆಂಬ ನ್ಯಾಯಾಲಯದ ಆದೇಶವನ್ನು ಅರ್ಕನ್ಸಾ ರಾಜ್ಯದ ಚುನಾಯಿತ ಗವರ್ನರ್ ತಡೆದಾಗ ಅಧ್ಯಕ್ಷ ಐಸೆನ್‌ಹೋವರ್ ಸೇನೆಯನ್ನು ಕಳಿಸಿ ಜಾರಿ ಮಾಡಿಸಿದರು. 1974ರ ಜುಲೈ 24ರಂದು ವಾಟರ್‌ಗೇಟ್ ಹಗರಣದ ಧ್ವನಿಮುದ್ರಿಕೆಗಳನ್ನು ಒಪ್ಪಿಸಬೇಕೆಂದು ಸುಪ್ರೀಂ ಕೋರ್ಟ್ 8–0ಯಿಂದ ಹೇಳಿದಾಗ ರಿಚರ್ಡ್ ನಿಕ್ಸನ್ ಒಪ್ಪಿಸಿದರು; ಆಗಸ್ಟ್ 9ಕ್ಕೆ ಅವರು ಅಧ್ಯಕ್ಷರಾಗಿ ಉಳಿದಿರಲಿಲ್ಲ. 2024ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಅಧ್ಯಕ್ಷರ ಅಧಿಕೃತ ಕೃತ್ಯಗಳಿಗೆ ಕ್ರಿಮಿನಲ್ ಮೊಕದ್ದಮೆಯಿಂದ ವ್ಯಾಪಕ ರಕ್ಷಣೆ ಕೊಟ್ಟದ್ದನ್ನು ಇದರೊಂದಿಗೆ ಬೆರೆಸಬಾರದು. ಆ ರಕ್ಷಣೆ ವ್ಯಕ್ತಿಗೆ ಸಂಬಂಧಿಸಿದ್ದು. ಅವರ ಆದೇಶ ಸಿಂಧುವೇ ಎಂಬ ವಿಚಾರಣೆಗೆ ಅದು ಅಡ್ಡಿಯಲ್ಲ.

ಮೀರಿದ ಉದಾಹರಣೆಯೂ ಇದೆ, ಅದೂ ಅಬ್ರಹಾಂ ಲಿಂಕನ್ ಅವರದು. 1861ರಲ್ಲಿ ಅಂತರ್ಯುದ್ಧ ಶುರುವಾದಾಗ, ಬಂಧಿತನನ್ನು ಕೋರ್ಟಿನ ಮುಂದೆ ಹಾಜರುಪಡಿಸುವ ಹೇಬಿಯಸ್ ಕಾರ್ಪಸ್ ಹಕ್ಕನ್ನು ಅವರು ಕೆಲವೆಡೆ ಅಮಾನತಿನಲ್ಲಿಟ್ಟರು. ಅದು ಕಾಂಗ್ರೆಸ್ಸಿನ ಅಧಿಕಾರ, ಅಧ್ಯಕ್ಷರದಲ್ಲ ಎಂದು ಮುಖ್ಯ ನ್ಯಾಯಮೂರ್ತಿ ರೋಜರ್ ಟೇನಿ ತೀರ್ಪು ಬರೆದರು. ಲಿಂಕನ್ ಅದನ್ನು ಪಾಲಿಸಲಿಲ್ಲ. 1863ರ ಮಾರ್ಚ್‌ನಲ್ಲಿ ಕಾಂಗ್ರೆಸ್ ಕಾನೂನು ಮಾಡಿ ಆ ಅಧಿಕಾರವನ್ನು ಅವರಿಗೆ ಬರೆದುಕೊಟ್ಟಿತು.